ಗ್ರೀಸ್‌ನಲ್ಲಿ ಮಾಡದ ಗ್ರೀಕ್ ಯೋಗರ್ಟ್: ಫಾಯೆ ಮತ್ತು ಚೋಬಾನಿ ನಡುವಿನ ಮೊಕದ್ದಮೆ

2012ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್ನಿನ ಅಂಗಡಿಗಳಿಗೆ ಚೋಬಾನಿ ಎಂಬ ಹೊಸ ಮೊಸರು ಬಂತು. ಡಬ್ಬಿಯ ಮೇಲೆ ‘ಗ್ರೀಕ್ ಯೋಗರ್ಟ್’ ಎಂದು ಬರೆದಿತ್ತು. ಆದರೆ ಮೊಸರು ತಯಾರಾಗುತ್ತಿದ್ದದ್ದು ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ. ಆಗ ಬ್ರಿಟನ್ನಿನಲ್ಲಿ ಗ್ರೀಕ್ ಯೋಗರ್ಟ್ ಅಂದರೆ ಹೆಚ್ಚಿನವರ ಕಣ್ಣಿಗೆ ಬರುತ್ತಿದ್ದದ್ದು ‘ಟೋಟಲ್’. ಅದನ್ನು ಮಾಡುವ ಗ್ರೀಕ್ ಕಂಪನಿ ಫಾಯೆ ಸುಮ್ಮನೆ ಕೂರಲಿಲ್ಲ. ವರ್ಷ ಮುಗಿಯುವ ಮೊದಲೇ ವಿಷಯ ಲಂಡನ್ನಿನ ಹೈಕೋರ್ಟ್ ಮೆಟ್ಟಿಲು ಹತ್ತಿತು.

ಇದನ್ನು ಕೇಳಿದ ತಕ್ಷಣ ಒಂದು ಊಹೆ ಬರುತ್ತದೆ. ಒಬ್ಬರು ಮೊಸರನ್ನು ಸರಿಯಾಗಿ ಬಸಿದು ಗಟ್ಟಿ ಮಾಡಿದ್ದರು, ಇನ್ನೊಬ್ಬರು ಹಿಟ್ಟೋ ಪುಡಿಯೋ ಬೆರೆಸಿ ಗಟ್ಟಿ ಮಾಡಿದ್ದರು, ಅದಕ್ಕೇ ಜಗಳ ಎಂದು. ಹಾಗಿರಲಿಲ್ಲ. ಎರಡೂ ನೀರು ಬಸಿದ ಮೊಸರೇ. ಚೋಬಾನಿ ಕಳಪೆ ಎಂದು ಯಾರೂ ವಾದಿಸಲಿಲ್ಲ. ಆದರೂ ಚೋಬಾನಿ ಸೋತಿತು. ಗ್ರೀಕ್ ಯೋಗರ್ಟ್ ಯಾವುದು, ‘ಗ್ರೀಕ್ ಶೈಲಿ’ಯ ಯೋಗರ್ಟ್ ಯಾವುದು ಎಂದು ತಲೆಕೆಡಿಸಿಕೊಳ್ಳುವವರು ಈ ಸೋಲಿನ ಕಾರಣ ತಿಳಿದಿರಬೇಕು. ಇಲ್ಲದಿದ್ದರೆ ಡಬ್ಬಿಯ ಮುಂಭಾಗ ನೋಡಿ ತಪ್ಪು ಲೆಕ್ಕ ಹಾಕುತ್ತೇವೆ.

ಗಟ್ಟಿ ಮಾಡುವ ಎರಡು ದಾರಿ

ಮೊದಲು ಮೊಸರಿನ ವಿಷಯ. ಹಾಲು ಕಾಯಿಸಿ, ಆರಿಸಿ, ಹೆಪ್ಪು ಹಾಕುವ ಕೆಲಸ ಎಲ್ಲ ಕಡೆಯೂ ಒಂದೇ. ಯೋಗರ್ಟ್ ಹೆಪ್ಪಿನಲ್ಲಿ ಇರುವುದು ಸ್ಟ್ರೆಪ್ಟೋಕಾಕಸ್ ಥರ್ಮೋಫಿಲಸ್ ಮತ್ತು ಲ್ಯಾಕ್ಟೋಬ್ಯಾಸಿಲಸ್ ಬಲ್ಗೇರಿಕಸ್ ಎಂಬ ಎರಡು ಬ್ಯಾಕ್ಟೀರಿಯಾ. ವ್ಯತ್ಯಾಸ ಇರುವುದು ಗಟ್ಟಿ ಮಾಡುವ ರೀತಿಯಲ್ಲಿ.

ಒಂದು ದಾರಿ, ಮೊಸರಿನಲ್ಲಿರುವ ನೀರನ್ನು ತೆಗೆಯುವುದು. ಹಿಂದೆ ಬಟ್ಟೆಯ ಚೀಲದಲ್ಲಿ ತೂಗುಹಾಕುತ್ತಿದ್ದರು. ಈಗ ಕಾರ್ಖಾನೆಗಳಲ್ಲಿ ವೇಗವಾಗಿ ತಿರುಗುವ ಸೆಪರೇಟರ್ ಯಂತ್ರಗಳು ಆ ಕೆಲಸ ಮಾಡುತ್ತವೆ. ನೀರಿನ ಜೊತೆ ಸಕ್ಕರೆ ಅಂಶವಾದ ಲ್ಯಾಕ್ಟೋಸ್ ಒಂದಷ್ಟು ಹೋಗುತ್ತದೆ, ಪ್ರೊಟೀನಿನ ಬಹುಪಾಲು ಉಳಿಯುತ್ತದೆ. ಮಾಮೂಲಿ ಮೊಸರಿನಲ್ಲಿ 100 ಗ್ರಾಮಿಗೆ ಮೂರೂವರೆ, ನಾಲ್ಕು ಗ್ರಾಂ ಪ್ರೊಟೀನ್ ಇದ್ದರೆ, ಚೆನ್ನಾಗಿ ಬಸಿದ ಮೊಸರಿನಲ್ಲಿ 9-10 ಗ್ರಾಂ ಸುತ್ತ ಇರುತ್ತದೆ. ಕ್ಯಾಲ್ಸಿಯಂ ಮಾತ್ರ ಈ ಲೆಕ್ಕದಲ್ಲಿ ಏರುವುದಿಲ್ಲ. ಹಾಲು ಹುಳಿಯಾದಾಗ ಪ್ರೊಟೀನಿಗೆ ಅಂಟಿಕೊಂಡಿದ್ದ ಕ್ಯಾಲ್ಸಿಯಂ ಕರಗಿ ನೀರಿಗೆ ಇಳಿಯುತ್ತದೆ, ಆ ನೀರಿನ ಜೊತೆಗೇ ಹೊರಗೆ ಹೋಗುತ್ತದೆ. ‘ಗ್ರೀಕ್ ಯೋಗರ್ಟ್‌ನಲ್ಲಿ ಎಲ್ಲವೂ ಎರಡು ಪಟ್ಟು’ ಎಂದು ಹೇಳುವವರು ಇದನ್ನು ಮರೆಯುತ್ತಾರೆ.

ಈ ದಾರಿ ದುಬಾರಿ. ಕೊಬ್ಬು ತೆಗೆದ ಹಾಲಿನಿಂದ ಒಂದು ಕಿಲೋ ಬಸಿದ ಮೊಸರು ಬರಬೇಕಾದರೆ ಮೂರರಿಂದ ನಾಲ್ಕು ಲೀಟರ್ ಹಾಲು ಬೇಕು. ಉಳಿಯುವ ಹುಳಿ ನೀರಿನದ್ದು ಇನ್ನೊಂದು ತಲೆನೋವು. ಅದನ್ನು ಹಾಗೇ ಹಳ್ಳಕ್ಕೆ ಬಿಟ್ಟರೆ ನೀರಿನಲ್ಲಿರುವ ಆಮ್ಲಜನಕ ಖಾಲಿಯಾಗಿ ಮೀನುಗಳು ಸಾಯುತ್ತವೆ. ನ್ಯೂಯಾರ್ಕ್ ರಾಜ್ಯದಲ್ಲಿ ಗ್ರೀಕ್ ಯೋಗರ್ಟ್ ಕಾರ್ಖಾನೆಗಳು ಬೆಳೆದಾಗ ಈ ನೀರನ್ನು ಏನು ಮಾಡುವುದು ಎಂಬುದೇ ದೊಡ್ಡ ಪ್ರಶ್ನೆಯಾಯಿತು. ಒಂದಷ್ಟು ದನಗಳ ಮೇವಿಗೆ ಹೋಗುತ್ತದೆ, ಒಂದಷ್ಟು ಹೊಲಕ್ಕೆ ಗೊಬ್ಬರವಾಗಿ, ಒಂದಷ್ಟು ಗೋಬರ್ ಗ್ಯಾಸ್ ಥರದ ದೊಡ್ಡ ಸ್ಥಾವರಗಳಿಗೆ.

ಇನ್ನೊಂದು ದಾರಿಯಲ್ಲಿ ಏನನ್ನೂ ತೆಗೆಯುವುದಿಲ್ಲ, ಸೇರಿಸುತ್ತಾರೆ. ಹಾಲಿಗೆ ಕ್ರೀಮ್ ಬೆರೆಸಬಹುದು. ಹಾಲಿನ ಪುಡಿ ಅಥವಾ ಮಿಲ್ಕ್ ಪ್ರೊಟೀನ್ ಕಾನ್ಸಂಟ್ರೇಟ್ (ಹಾಲಿನ ಪ್ರೊಟೀನನ್ನು ಸಾಂದ್ರಗೊಳಿಸಿದ ಪುಡಿ) ಹಾಕಿ ಹೆಪ್ಪು ಕೂಡಿಸಬಹುದು. ಪಿಷ್ಟ, ಪೆಕ್ಟಿನ್, ಜೆಲಾಟಿನ್ ಹಾಕಿ ನೀರನ್ನು ಒಳಗೇ ಕಟ್ಟಿಹಾಕಬಹುದು. ಇದರಲ್ಲಿ ಹಾಲು ಪೋಲಾಗುವುದಿಲ್ಲ, ಹುಳಿ ನೀರಿನ ಗೋಳೂ ಇಲ್ಲ. ಹಾಗಾಗಿ ಬೆಲೆ ಕಡಿಮೆ. ಸಸ್ಯಾಹಾರಿಗಳಿಗೆ ಒಂದು ಮಾತು: ಜೆಲಾಟಿನ್ ಪ್ರಾಣಿಗಳ ಚರ್ಮ, ಮೂಳೆಗಳಿಂದ ಬರುವಂಥದ್ದು. ಮೊಸರಲ್ವಾ, ಇದರಲ್ಲೇನಿರುತ್ತೆ ಅಂದುಕೊಂಡು ಬುಟ್ಟಿಗೆ ಹಾಕಿಕೊಳ್ಳುವ ಮೊದಲು ಡಬ್ಬಿಯ ಹಿಂಭಾಗ ನೋಡುವುದು ಒಳ್ಳೆಯದು.

ಕ್ರೀಮ್ ಬೆರೆಸಿದ ಮೊಸರನ್ನು ಕೀಳಾಗಿ ನೋಡಬೇಕಾಗಿಲ್ಲ. ಶೇ. 10ರಷ್ಟು ಕೊಬ್ಬಿರುವ ಈ ಮೊಸರು ಮೃದುವಾಗಿರುತ್ತದೆ, ಹುಳಿಯೂ ತೀಕ್ಷ್ಣವಾಗಿ ಹತ್ತುವುದಿಲ್ಲ. ಮೊಸರನ್ನಕ್ಕೆ ನನ್ನ ಆಯ್ಕೆ ಇದೇ. ಆದರೆ ಪ್ರೊಟೀನ್ ಬೇಕೆಂದು ಇದನ್ನು ಕೊಳ್ಳುವವರು ಮೋಸ ಹೋಗುತ್ತಾರೆ. 100 ಗ್ರಾಮಿಗೆ ಸಾಮಾನ್ಯವಾಗಿ ನಾಲ್ಕರಿಂದ ಆರು ಗ್ರಾಂ, ಅಷ್ಟೇ.

ಇಬ್ಬರು ಕಕ್ಷಿದಾರರು

ಫಾಯೆಯ ಕಥೆ 1926ರಲ್ಲಿ ಅಥೆನ್ಸಿನ ಒಂದು ಹಾಲಿನ ಅಂಗಡಿಯಿಂದ ಶುರುವಾಗುತ್ತದೆ. ಫಿಲಿಪ್ಪು ಕುಟುಂಬದ್ದು. 1980ರ ದಶಕದಲ್ಲಿ ಅವರ ‘ಟೋಟಲ್’ ಬ್ರಿಟನ್ನಿಗೆ ಬಂತು. ಬ್ರಿಟಿಷರಿಗೆ ಇಷ್ಟು ಗಟ್ಟಿಯ ಮೊಸರಿನ ರುಚಿ ಹತ್ತಿಸಿದ್ದು ಬಹುಮಟ್ಟಿಗೆ ಇವರೇ.

ಟೋಟಲ್ ಓಡತೊಡಗಿದ ಮೇಲೆ ಬೇರೆಯವರೂ ಗಟ್ಟಿ ಮೊಸರು ತಂದರು. ಇಲ್ಲಿ ಒಂದು ಕುತೂಹಲದ ಸಂಗತಿ ನಡೆಯಿತು. ಯಾವ ಕಾನೂನೂ ಹೇಳದಿದ್ದರೂ ಬ್ರಿಟನ್ನಿನ ವ್ಯಾಪಾರಿಗಳು ಒಂದು ರೂಢಿ ಪಾಲಿಸತೊಡಗಿದರು. ಗ್ರೀಸ್‌ನಲ್ಲೇ ಬಸಿದು ಮಾಡಿದ್ದಕ್ಕೆ ಮಾತ್ರ ‘ಗ್ರೀಕ್ ಯೋಗರ್ಟ್’. ಬೇರೆ ಕಡೆ ಮಾಡಿದ್ದು, ಇಲ್ಲವೇ ಬೇರೆ ರೀತಿಯಲ್ಲಿ ಗಟ್ಟಿ ಮಾಡಿದ್ದು ಎಲ್ಲ ‘ಗ್ರೀಕ್ ಶೈಲಿ’. ಸಣ್ಣಪುಟ್ಟ ಅಪವಾದ ಬಿಟ್ಟರೆ ಸುಮಾರು 25 ವರ್ಷ ಹೀಗೇ ನಡೆಯಿತು. ಮೊದಲನೆಯದಕ್ಕೆ ಬೆಲೆ ಜಾಸ್ತಿ, ಎರಡನೆಯದಕ್ಕೆ ಕಡಿಮೆ.

ಚೋಬಾನಿಯದ್ದು ಬೇರೆಯೇ ಹುಟ್ಟು. ಸ್ಥಾಪಕ ಹಮ್ದಿ ಉಲುಕಾಯಾ ಟರ್ಕಿಯ ಕುರ್ದಿಷ್ ಮನೆತನದವರು. ಕುರಿ ಸಾಕುವ, ಚೀಸ್, ಮೊಸರು ಮಾಡುವ ಮನೆ. ಅಮೆರಿಕಕ್ಕೆ ಓದಲು ಹೋದವರು ಅಲ್ಲೇ ನಿಂತರು. 2005ರಲ್ಲಿ ಕ್ರಾಫ್ಟ್ ಕಂಪನಿ ಮುಚ್ಚಿದ್ದ ಹಳೆಯ ಮೊಸರಿನ ಕಾರ್ಖಾನೆಯೊಂದನ್ನು ನ್ಯೂಯಾರ್ಕ್ ರಾಜ್ಯದ ಹಳ್ಳಿಗಾಡಿನಲ್ಲಿ ಸಾಲ ಮಾಡಿ ಕೊಂಡರು. 2007ರಲ್ಲಿ ಮೊದಲ ಡಬ್ಬಿ ಮಾರುಕಟ್ಟೆಗೆ ಬಂತು. ಐದು ವರ್ಷದಲ್ಲಿ ಅಮೆರಿಕದ ಗ್ರೀಕ್ ಯೋಗರ್ಟ್ ಮಾರುಕಟ್ಟೆಯ ಮುಂಚೂಣಿಗೆ ತಲುಪಿದರು. ಟರ್ಕಿಯವರು ಮಾಡಿದ ಮೊಸರನ್ನು ಗ್ರೀಕ್ ಹೆಸರಿನಲ್ಲಿ ಮಾರಿದ್ದು ವಿಚಿತ್ರ ಅನ್ನಿಸಬಹುದು. ನೀರು ಬಸಿದ ಮೊಸರು ಟರ್ಕಿಯಲ್ಲೂ ಇದೆ, ಲೆಬನಾನಿನಲ್ಲೂ ಇದೆ. ಅಮೆರಿಕದ ಅಂಗಡಿಯಲ್ಲಿ ಆಗ ಜನ ಗುರುತಿಸುತ್ತಿದ್ದ ಹೆಸರು ‘ಗ್ರೀಕ್’, ಅದನ್ನೇ ಹಾಕಿದರು.

ಅಮೆರಿಕದಲ್ಲಿ ಈ ಹೆಸರಿಗೆ ಯಾವ ಬೇಲಿಯೂ ಇಲ್ಲ. ಯೋಗರ್ಟ್ ಅಂದರೇನು ಎಂದು ಅಲ್ಲಿನ ಆಹಾರ-ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಹೇಳುತ್ತದೆ, ಗ್ರೀಕ್ ಯೋಗರ್ಟ್ ಅಂದರೇನು ಎಂದು ಹೇಳುವುದಿಲ್ಲ. ಜನರಲ್ ಮಿಲ್ಸ್ ಕಂಪನಿಯ ‘ಯೋಪ್ಲೇ ಗ್ರೀಕ್’ನಲ್ಲಿ ಮಿಲ್ಕ್ ಪ್ರೊಟೀನ್ ಕಾನ್ಸಂಟ್ರೇಟ್ ಇದೆ, ಅದನ್ನು ಯೋಗರ್ಟ್ ಎಂದೇ ಕರೆಯಬಾರದು ಎಂದು 2012ರಲ್ಲಿ ಮಿನ್ನೆಸೋಟದಲ್ಲಿ ದಾವೆ ಬಿತ್ತು. ಅಲ್ಲಿನ ಫೆಡರಲ್ ಕೋರ್ಟು ಇದು ಎಫ್‌ಡಿಎ ತೀರ್ಮಾನಿಸಬೇಕಾದ ಮಾತು ಎಂದು ಹೇಳಿ ಕೈತೊಳೆದುಕೊಂಡಿತು.

ಅಂಥ ಊರಿನಿಂದ ಬಂದ ಚೋಬಾನಿ, ತನ್ನ ಮನೆಯಲ್ಲಿ ಹಾಕುತ್ತಿದ್ದ ಹೆಸರನ್ನೇ ಬ್ರಿಟನ್ನಿನಲ್ಲೂ ಹಾಕಿತು. 25 ವರ್ಷದ ರೂಢಿ ಅಲ್ಲಿ ಮುರಿಯಿತು.

ಕೋರ್ಟಿನಲ್ಲಿ

ಫಾಯೆ ಹಿಡಿದ ಕಾನೂನು ‘ಪಾಸಿಂಗ್ ಆಫ್’. ಒಬ್ಬರ ಸರಕನ್ನು ಇನ್ನೊಬ್ಬರದ್ದು ಎಂಬಂತೆ ತೋರಿಸಿ ಮಾರಬಾರದು ಎಂಬ ಹಳೆಯ ನಿಯಮ. ಭಾರತದ ಕೋರ್ಟುಗಳಲ್ಲೂ ಇದು ನಡೆಯುತ್ತದೆ. ಗೆಲ್ಲಬೇಕಾದರೆ ಮೂರು ಸಂಗತಿ ತೋರಿಸಬೇಕು: ಆ ಹೆಸರಿಗೆ ಜನರಲ್ಲಿ ಒಳ್ಳೆಯ ಬೆಲೆ ಇದೆ, ಎದುರಾಳಿ ಜನರನ್ನು ತಪ್ಪು ತಿಳಿಯುವಂತೆ ಮಾಡಿದ್ದಾನೆ, ಅದರಿಂದ ನಷ್ಟವಾಗಿದೆ ಅಥವಾ ಆಗಲಿದೆ.

ಆದರೆ ‘ಗ್ರೀಕ್ ಯೋಗರ್ಟ್’ ಫಾಯೆಯ ಸ್ವಂತ ಹೆಸರಲ್ಲ. ಹಾಗಾದರೆ ಅದನ್ನು ಕಾಪಾಡಿ ಎಂದು ಅವರು ಹೇಗೆ ಕೇಳಬಹುದು? ಇದಕ್ಕೆ ಇಂಗ್ಲೆಂಡಿನಲ್ಲಿ ಒಂದು ದಾರಿ ಮೊದಲೇ ತೆರೆದಿತ್ತು. 1960ರಲ್ಲಿ ಫ್ರಾನ್ಸಿನ ಷಾಂಪೇನ್ ಪ್ರಾಂತ್ಯದ ವೈನ್ ತಯಾರಕರು ‘ಸ್ಪ್ಯಾನಿಷ್ ಷಾಂಪೇನ್’ ಎಂಬ ಹೆಸರನ್ನು ತಡೆದಿದ್ದರು. ಒಂದು ಗುಂಪಿನ ತಯಾರಕರೆಲ್ಲ ಸೇರಿ ಒಂದು ಹೆಸರಿನ ಒಳ್ಳೆಯತನಕ್ಕೆ ಹಕ್ಕುದಾರರು, ಅವರಲ್ಲಿ ಯಾರು ಬೇಕಾದರೂ ಕೋರ್ಟಿಗೆ ಬರಬಹುದು ಎಂಬ ತತ್ವ ಅಲ್ಲಿಂದ ಬೆಳೆಯಿತು. 1979ರಲ್ಲಿ ಅಡ್ವೊಕಾಟ್ ಎಂಬ ಮೊಟ್ಟೆಯ ಮದ್ಯ, 1999ರಲ್ಲಿ ಸ್ವಿಸ್ ಚಾಕೊಲೇಟ್, 2010ರಲ್ಲಿ ವೋಡ್ಕಾ ಇದೇ ದಾರಿಯಲ್ಲಿ ನಡೆದವು.

ಈ ಪಟ್ಟಿಯಲ್ಲಿ ಒಂದು ಸೂಕ್ಷ್ಮವಿದೆ. ಷಾಂಪೇನ್, ಸ್ವಿಸ್ ಚಾಕೊಲೇಟ್ ಗೆದ್ದದ್ದು ಊರಿನ ಬಲದಿಂದ. ಅಡ್ವೊಕಾಟ್, ವೋಡ್ಕಾ ಗೆದ್ದದ್ದು ಮಾಡುವ ವಿಧಾನದ ಬಲದಿಂದ. ಅಡ್ವೊಕಾಟ್ ಅಂದರೆ ಮೊಟ್ಟೆ ಮತ್ತು ಬಟ್ಟಿ ಇಳಿಸಿದ ಮದ್ಯ. ವೈನ್ ಬೆರೆಸಿ ಮಾಡಿದ್ದಕ್ಕೆ ಆ ಹೆಸರಿಲ್ಲ ಎಂಬುದು ಅಲ್ಲಿನ ತಿರುಳು. ಗ್ರೀಕ್ ಯೋಗರ್ಟ್ ಅಂದರೆ ‘ನೀರು ಬಸಿದ ಮೊಸರು’ ಎಂದಷ್ಟೇ ಆಗಿದ್ದರೆ, ಅಡ್ವೊಕಾಟ್ ಥರ, ಚೋಬಾನಿ ಆ ಗುಂಪಿನ ಒಳಗೇ ಇರುತ್ತಿತ್ತು. ಫಾಯೆ ಗೆಲ್ಲಬೇಕಾದರೆ ವಿಧಾನ ಸಾಲದು, ಊರೂ ಸೇರಬೇಕಿತ್ತು.

ಚೋಬಾನಿಯ ವಾದ ಸರಳ. ಗ್ರೀಕ್ ಯೋಗರ್ಟ್ ಎಂಬುದು ಒಂದು ಬಗೆಯ ಮೊಸರಿನ ಹೆಸರು, ಗಟ್ಟಿಯಾಗಿ ಕೆನೆಕೆನೆಯಾಗಿರುವ ಮೊಸರು ಎಂದರ್ಥ. ಅದು ಎಲ್ಲಿ ತಯಾರಾಯಿತು ಎಂಬುದನ್ನು ಹೇಳುವುದಿಲ್ಲ. ನಮ್ಮ ಕಡೆ ಮೈಸೂರು ಪಾಕನ್ನು ದೆಹಲಿಯಲ್ಲಿ ಮಾಡಿದರೂ ಮೈಸೂರು ಪಾಕೇ. ಕೊಳ್ಳುವವರಾರೂ ಅದು ಮೈಸೂರಿನಿಂದ ಬಂತು ಅಂದುಕೊಳ್ಳುವುದಿಲ್ಲ. ಧಾರವಾಡ ಪೇಡದ ಮಾತು ಬೇರೆ, ಅದಕ್ಕೆ ಊರಿನ ಹೆಸರನ್ನು ಕಾಪಾಡುವ ಜಿಐ (ಭೌಗೋಳಿಕ ಸೂಚಕ) ಮಾನ್ಯತೆಯೇ ಇದೆ. ಗ್ರೀಕ್ ಯೋಗರ್ಟ್ ಈ ಎರಡರಲ್ಲಿ ಯಾವುದರ ಹಾಗೆ? ಇಡೀ ಮೊಕದ್ದಮೆ ನಿಂತದ್ದು ಈ ಪ್ರಶ್ನೆಯ ಮೇಲೆ. ಇದಕ್ಕೆ ಉತ್ತರ ಮೊಸರಿನಲ್ಲಿ ಸಿಗುವುದಿಲ್ಲ. ಕೊಳ್ಳುವವರ ತಲೆಯಲ್ಲಿ ಏನಿದೆ ಎಂಬುದರಲ್ಲಿ ಸಿಗುತ್ತದೆ.

ನ್ಯಾಯಮೂರ್ತಿ ಬ್ರಿಗ್ಸ್ 2013ರ ಮಾರ್ಚ್ 26ರಂದು ತೀರ್ಪು ಕೊಟ್ಟರು. ಬ್ರಿಟನ್ನಿನಲ್ಲಿ ಗ್ರೀಕ್ ಯೋಗರ್ಟ್ ಕೊಳ್ಳುವವರಲ್ಲಿ ಗಮನಾರ್ಹ ಪಾಲಿನ ಜನ ಅದು ಗ್ರೀಸ್‌ನಲ್ಲೇ ತಯಾರಾಗುತ್ತದೆ ಎಂದು ನಂಬುತ್ತಾರೆ, ಮತ್ತು ಆ ನಂಬಿಕೆ ಅವರಿಗೆ ಮುಖ್ಯ ಎಂದು ಅವರು ಕಂಡುಕೊಂಡರು. ಅಂಥ ನಂಬಿಕೆ ಬೆಳೆದದ್ದರಲ್ಲಿ ಆ ರೂಢಿಯ ಪಾಲು ದೊಡ್ಡದು. ವರ್ಷಗಟ್ಟಲೆ ಒಂದೇ ಕಪಾಟಿನಲ್ಲಿ ‘ಗ್ರೀಕ್’ ಮತ್ತು ‘ಗ್ರೀಕ್ ಶೈಲಿ’ ಅಕ್ಕಪಕ್ಕ ಕೂತಿದ್ದವು, ಬೆಲೆಯೂ ಬೇರೆ. ಎಲ್ಲರಿಗೂ ವ್ಯತ್ಯಾಸ ಸ್ಪಷ್ಟವಾಗಿ ಗೊತ್ತಿರಲಿಲ್ಲ, ಆದರೆ ಮೊದಲನೆಯದರಲ್ಲಿ ಏನೋ ವಿಶೇಷ ಇದೆ ಎಂಬುದು ಗೊತ್ತಿತ್ತು. ಚೋಬಾನಿ ಆ ಹೆಸರು ಹಾಕಿದರೆ ಜನ ತಪ್ಪು ತಿಳಿಯುತ್ತಾರೆ, ಹೆಸರಿನ ಬೆಲೆ ಸವೆಯುತ್ತದೆ. ಹಾಗಾಗಿ ತಡೆಯಾಜ್ಞೆ.

ಮೇಲ್ಮನವಿಯಲ್ಲಿ ಚೋಬಾನಿ ಇನ್ನೊಂದು ಅಸ್ತ್ರ ಬಿಟ್ಟಿತು. ಊರಿನ ಹೆಸರುಗಳನ್ನು ಕಾಪಾಡಲು ಯುರೋಪಿಯನ್ ಒಕ್ಕೂಟದಲ್ಲಿ ನೋಂದಣಿ ವ್ಯವಸ್ಥೆ ಇದೆ, ಆಗ ಬ್ರಿಟನ್ ಕೂಡ ಆ ಒಕ್ಕೂಟದಲ್ಲಿತ್ತು. ಫೆಟಾ ಎಂಬ ಚೀಸ್ ಹೆಸರಿಗೆ ಗ್ರೀಸ್ 2002ರಲ್ಲಿ ಅದನ್ನು ಮಾಡಿಸಿಕೊಂಡಿತ್ತು, 2005ರಲ್ಲಿ ಒಕ್ಕೂಟದ ನ್ಯಾಯಾಲಯವೂ ಅದನ್ನು ಎತ್ತಿಹಿಡಿದಿತ್ತು. ಗ್ರೀಕ್ ಯೋಗರ್ಟ್‌ಗೆ ಅಂಥ ನೋಂದಣಿ ಇರಲಿಲ್ಲ. ನೋಂದಾಯಿಸದ ಹೆಸರನ್ನು ದೇಶದ ಕಾನೂನಿನ ಹಿಂಬಾಗಿಲಿನಿಂದ ಕಾಪಾಡುವಂತಿಲ್ಲ ಎಂಬುದು ವಾದ. ನನ್ನ ಮಟ್ಟಿಗೆ ಚೋಬಾನಿಯ ವಾದಗಳಲ್ಲಿ ಇದೇ ಗಟ್ಟಿಯಾದದ್ದು. ಮೇಲ್ಮನವಿ ನ್ಯಾಯಾಲಯ ಒಪ್ಪಲಿಲ್ಲ. 2014ರ ಜನವರಿ 28ರಂದು ಕೆಳಗಿನ ತೀರ್ಪನ್ನೇ ಎತ್ತಿಹಿಡಿಯಿತು. ಮುಖ್ಯ ತೀರ್ಪು ಬರೆದವರು ನ್ಯಾಯಮೂರ್ತಿ ಕಿಚಿನ್.

ತೀರ್ಪು ಹೇಳಿದ್ದು, ಹೇಳದೆ ಬಿಟ್ಟದ್ದು

ಈ ಗೆಲುವಿನಲ್ಲಿ ಒಂದಷ್ಟು ವ್ಯಂಗ್ಯ ಇದೆ. ಫಾಯೆಗೂ ಅಮೆರಿಕದಲ್ಲಿ ಕಾರ್ಖಾನೆ ಇದೆ, 2008ರಿಂದ. ಅದೂ ನ್ಯೂಯಾರ್ಕ್ ರಾಜ್ಯದ ಜಾನ್ಸ್‌ಟೌನ್‌ನಲ್ಲೇ. ಅಲ್ಲಿನ ಮೊಸರನ್ನು ಅಮೆರಿಕನ್ನರಿಗೆ ಗ್ರೀಕ್ ಎಂದೇ ಮಾರುತ್ತಾರೆ. ಬ್ರಿಟನ್ನಿನಲ್ಲಿ ದಾವೆ ಶುರುವಾದ 2012ರಲ್ಲೇ ಕಂಪನಿಯ ಮುಖ್ಯ ಕಚೇರಿ ಗ್ರೀಸ್‌ನಿಂದ ಲಕ್ಸೆಂಬರ್ಗಿಗೆ ಹೋಯಿತು. ಗ್ರೀಸ್‌ನ ಹೆಸರು ಕಾಪಾಡಲು ನಿಂತವರ ಪಾಡು ಇದು!

ಆದರೂ ತೀರ್ಪು ತಪ್ಪು ಅನ್ನಲಾರೆ. ಪಾಸಿಂಗ್ ಆಫ್ ಕೇಳುವುದು ಒಂದೇ ಪ್ರಶ್ನೆ: ಈ ದೇಶದ ಗಿರಾಕಿ ಈ ಹೆಸರನ್ನು ಹೇಗೆ ಅರ್ಥ ಮಾಡಿಕೊಳ್ಳುತ್ತಾನೆ? ಅಮೆರಿಕದ ಗಿರಾಕಿ ಬೇರೆ ಅರ್ಥ ಮಾಡಿಕೊಂಡರೆ ಅದು ಅಮೆರಿಕದ ಮಾತು. ಒಂದೇ ಕಂಪನಿ ಒಂದು ದೇಶದಲ್ಲಿ ಊರಿನ ಹೆಸರಿಗೆ ಕಾವಲು ನಿಂತು, ಇನ್ನೊಂದು ದೇಶದಲ್ಲಿ ಅದನ್ನೇ ಸಡಿಲವಾಗಿ ಬಳಸಬಹುದು. ಅನ್ಯಾಯ ಅನ್ನಿಸಬಹುದು, ಕಾನೂನಿನಲ್ಲಿ ವಿರೋಧಾಭಾಸ ಇಲ್ಲ.

ನನ್ನ ತಕರಾರು ಬೇರೆ. ಈ ತೀರ್ಪಿನ ನಂತರವೂ ಬ್ರಿಟನ್ನಿನಲ್ಲಿ ‘ಗ್ರೀಕ್ ಶೈಲಿ’ ಎಂಬ ಎರಡು ಪದದ ಕೆಳಗೆ ಎರಡು ಬೇರೆಬೇರೆ ಸರಕು ಸೇರಿಕೊಂಡೇ ಉಳಿದವು. ಇಂಗ್ಲೆಂಡಿನಲ್ಲೋ ಜರ್ಮನಿಯಲ್ಲೋ ಶ್ರದ್ಧೆಯಿಂದ ನೀರು ಬಸಿದು ಮಾಡಿದ ಮೊಸರೂ ‘ಗ್ರೀಕ್ ಶೈಲಿ’ಯೇ. ಪಿಷ್ಟ ಹಾಕಿ ಗಟ್ಟಿ ಮಾಡಿದ್ದೂ ‘ಗ್ರೀಕ್ ಶೈಲಿ’ಯೇ. ಹೊಟ್ಟೆಗೆ ಹೋಗುವ ದೃಷ್ಟಿಯಿಂದ ಈ ಎರಡರ ನಡುವಿನ ಅಂತರ ದೊಡ್ಡದು. ಅಥೆನ್ಸಿನಲ್ಲಿ ಬಸಿದ ಮೊಸರಿಗೂ ನ್ಯೂಯಾರ್ಕಿನಲ್ಲಿ ಬಸಿದ ಮೊಸರಿಗೂ ಅಷ್ಟು ಅಂತರ ಇಲ್ಲ. ಡಬ್ಬಿಯ ಮುಂಭಾಗ ಊರನ್ನು ಹೇಳುತ್ತದೆ. ಹೇಗೆ ಗಟ್ಟಿಯಾಯಿತು ಎಂದು ತಿಳಿಯಬೇಕಾದರೆ ಡಬ್ಬಿ ತಿರುಗಿಸಲೇಬೇಕು.

ತಿರುಗಿಸಿದಾಗ ನೋಡಬೇಕಾದ್ದು ಮೊದಲು ಪದಾರ್ಥಗಳ ಪಟ್ಟಿ. ಹಾಲು ಮತ್ತು ಜೀವಂತ ಬ್ಯಾಕ್ಟೀರಿಯಾ ಇಷ್ಟೇ ಇದ್ದು, ಪ್ರೊಟೀನ್ 100 ಗ್ರಾಮಿಗೆ 8 ಗ್ರಾಂ ದಾಟಿದ್ದರೆ ಅದು ಬಸಿದ ಮೊಸರು ಎಂದು ನಂಬಬಹುದು. ಪ್ರೊಟೀನ್ ಅಂಕಿಯೊಂದನ್ನೇ ನೋಡಿದರೆ ಸಾಲದು. ಮಿಲ್ಕ್ ಪ್ರೊಟೀನ್ ಸೇರಿಸಿ ಅದನ್ನು ಏರಿಸಲು ಬರುತ್ತದೆ. ಅದು ವಿಷವೇನಲ್ಲ, ಹಾಲಿನದ್ದೇ ಪ್ರೊಟೀನ್. ಆದರೆ ಬಸಿದ ಮೊಸರಿನ ಬೆಲೆ ಕೊಟ್ಟು ಅದನ್ನು ಕೊಳ್ಳಬೇಕೇ ಎಂಬುದು ಜೇಬಿಗೆ ಬಿಟ್ಟದ್ದು.

ನಮ್ಮ ಕಡೆ

ಬೆಂಗಳೂರಿನ ಅಂಗಡಿಗಳಲ್ಲೂ ಈಗ ಗ್ರೀಕ್ ಯೋಗರ್ಟ್ ಸಿಗುತ್ತದೆ, ಭಾರತದಲ್ಲೇ ತಯಾರಾದದ್ದು. ಇಲ್ಲಿ ಯಾರೂ ಅದು ಗ್ರೀಸ್‌ನಿಂದ ಬಂತು ಎಂದು ನಂಬಿ ಕೊಳ್ಳುವುದಿಲ್ಲ. ಬ್ರಿಗ್ಸ್ ಅವರ ಅಳತೆಗೋಲನ್ನೇ ಇಲ್ಲಿ ಇಟ್ಟರೆ ಉತ್ತರ ಬೇರೆ ಬರುತ್ತದೆ. ಇಲ್ಲಿನ ಗಿರಾಕಿಗೆ ಅದು ಗಟ್ಟಿಯಾದ, ಪ್ರೊಟೀನ್ ಜಾಸ್ತಿ ಇರುವ ಮೊಸರು, ಅಷ್ಟೇ.

ಅದಕ್ಕಿಂತ ಹೇಳಬೇಕಾದ ಸಂಗತಿ ಚಕ್ಕಾದ್ದು. ಬೆಳಗಾವಿ, ಧಾರವಾಡದ ಕಡೆ ಶ್ರೀಖಂಡಕ್ಕೆ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ನೀರು ಬಸಿದ ಮೇಲೆ ಉಳಿಯುವ ಗಟ್ಟಿ ಮೊಸರು ಅದು. ಭಾರತದ ಆಹಾರ ಸುರಕ್ಷತಾ ನಿಯಮಗಳಲ್ಲಿ ಚಕ್ಕಾಕ್ಕೆ ಬೇರೆಯೇ ಮಾನದಂಡ ಇದೆ. ಮೊಸರಿನಿಂದ ನೀರು ಬಸಿದೇ ಮಾಡಿರಬೇಕು ಎಂದು ಅದು ಹೇಳುತ್ತದೆ. ಒಟ್ಟು ಘನಾಂಶ ಕನಿಷ್ಠ ಶೇ. 30 ಇರಬೇಕು, ಆ ಘನಾಂಶದಲ್ಲಿ ಪ್ರೊಟೀನ್ ಕನಿಷ್ಠ ಶೇ. 30 ಇರಬೇಕು. ಲೆಕ್ಕ ಹಾಕಿ ನೋಡಿ: 100 ಗ್ರಾಂ ಚಕ್ಕಾದಲ್ಲಿ 9 ಗ್ರಾಂ ಪ್ರೊಟೀನ್. ಟೋಟಲ್ ಡಬ್ಬಿಯ ಹಿಂದೆ ಬರೆದಿರುವುದೂ ಹೆಚ್ಚುಕಡಿಮೆ ಅಷ್ಟೇ. ಯಾವ ಊರಿನದ್ದು ಎಂಬ ಪ್ರಶ್ನೆಯೇ ಈ ಮಾನದಂಡದಲ್ಲಿ ಇಲ್ಲ. ವಿಧಾನ ಮತ್ತು ಅಂಕಿ, ಎರಡೇ. ಲಂಡನ್ನಿನ ಕೋರ್ಟಿಗೆ ಬೇಕಿದ್ದದ್ದಕ್ಕೂ ಇದಕ್ಕೂ ನೆಂಟಸ್ತಿಕೆ ಇಲ್ಲ, ಆದರೆ ತಿನ್ನುವವರಿಗೆ ಬೇಕಾದ ಮಾಹಿತಿ ಇದರಲ್ಲೇ ಜಾಸ್ತಿ ಇದೆ ಅನ್ನಿಸುತ್ತದೆ.

ಬ್ರಿಟನ್ನಿನಲ್ಲಿದ್ದು ಹಬ್ಬಕ್ಕೆ ಶ್ರೀಖಂಡ ಮಾಡುವ ನಮ್ಮವರಿಗೆ ಇಷ್ಟು ಸಾಕು. ಗ್ರೀಸ್‌ನದ್ದೇ ಬೇಕೆಂದಿಲ್ಲ. ಶೇ. 5 ಕೊಬ್ಬಿರುವ ಬಸಿದ ಮೊಸರು ತಂದರೆ ಸಕ್ಕರೆ ಬೆರೆಸುವ ಮೊದಲು ಸ್ವಲ್ಪ ಹೊತ್ತು ಬಟ್ಟೆಯಲ್ಲಿ ಕಟ್ಟಿದರೆ ಆಯಿತು, ಸಕ್ಕರೆ ಬಿದ್ದ ಮೇಲೆ ಅದು ಮತ್ತೆ ತೆಳುವಾಗುವುದರಿಂದ ಇಷ್ಟು ಮಾಡಲೇಬೇಕು. ಕ್ರೀಮ್ ಮಾತ್ರ ಸೇರಿಸಿದ ‘ಗ್ರೀಕ್ ಶೈಲಿ’ಯದ್ದಾದರೆ ರಾತ್ರಿಯಿಡೀ ಫ್ರಿಜ್‌ನಲ್ಲಿ ಕಟ್ಟಿಡಿ, ನೀರು ಚೆನ್ನಾಗಿ ಇಳಿಯುತ್ತದೆ, ರುಚಿಯೂ ಚೆನ್ನ. ಪಿಷ್ಟ, ಜೆಲಾಟಿನ್ ಇರುವುದನ್ನು ಮಾತ್ರ ತರಬೇಡಿ. ಅದು ನೀರನ್ನು ಹಿಡಿದುಕೊಂಡೇ ಕೂರುತ್ತದೆ, ಎಷ್ಟು ಹೊತ್ತು ತೂಗುಹಾಕಿದರೂ ಚಕ್ಕಾ ಆಗುವುದಿಲ್ಲ.